ಹೊಟ್ಟೆನೋವು ಅಂದಾಗ ಕೂದಲಿನ ವಿಷಯವನ್ನೂ ಹೇಳಿ

ಸಂಪಾದಕರೇ,

ನಮ್ಮ ಅಕ್ಕನ ಮಗಳಿಗೆ 9 ವರ್ಷ. ಹೋದ ವರ್ಷವಿಡೀ ಅವಳಿಗೆ ಹೊಟ್ಟೆನೋವು. ಎರಡು ತುತ್ತು ತಿಂದರೆ ಸಾಕು, ಹೊಟ್ಟೆ ತುಂಬಿತು ಅಂತ ಎದ್ದುಬಿಡುತ್ತಿದ್ದಳು. ಜಂತುಹುಳದ ಮಾತ್ರೆ ಆಯ್ತು, ಗ್ಯಾಸ್ಟ್ರಿಕ್ ಅಂತ ಸಿರಪ್ ಆಯ್ತು, ದೃಷ್ಟಿ ತೆಗೆದದ್ದೂ ಆಯ್ತು. ಎಡಗಿವಿಯ ಹಿಂದೆ ಒಂದು ರೂಪಾಯಿಯಷ್ಟು ಅಗಲ ಬೋಳಾಗಿತ್ತು. ಅಜ್ಜಿ ಅಲ್ಲಿಗೆ ಹರಳೆಣ್ಣೆ ಹಚ್ಚಿ, ಕಾಣದ ಹಾಗೆ ಜಡೆ ಹಾಕುತ್ತಿದ್ದರು. ಟಿವಿ ನೋಡುತ್ತಾ ಅವಳು ಕೂದಲು ಕಿತ್ತು ಬಾಯಿಗೆ ಹಾಕಿಕೊಳ್ಳುವುದನ್ನು ನಾನೇ ನೋಡಿದ್ದೆ, "ಥೂ, ಕೊಳಕಿ" ಅಂತ ಕೈ ಮೇಲೆ ಒಂದೇಟು ಕೊಟ್ಟು ಸುಮ್ಮನಾಗಿದ್ದೆ. ಮೂವರು ಡಾಕ್ಟರಿಗೆ ತೋರಿಸಿದೆವು. ಅವರು ಕೂದಲಿನ ವಿಷಯ ಕೇಳಲಿಲ್ಲ, ನಾವೂ ಹೇಳಲಿಲ್ಲ. ಹೊಟ್ಟೆನೋವಿಗೂ ತಲೆಗೂದಲಿಗೂ ಏನು ಸಂಬಂಧ ಅಲ್ವಾ?

ಕೊನೆಗೆ ವಾಂತಿ ನಿಲ್ಲದೆ ಸ್ಕ್ಯಾನಿಂಗ್ ಮಾಡಿಸಿದಾಗ ಜಠರದ ತುಂಬ ಕೂದಲು. ಆಪರೇಷನ್ ಮುಗಿಸಿ ಸರ್ಜನ್ ಟ್ರೇಯಲ್ಲಿ ತಂದು ತೋರಿಸಿದರು. ಜಠರದ್ದೇ ಆಕಾರ, ಕರ್ರಗೆ, ಲೋಳೆ ಲೋಳೆ. ವಾಸನೆ ತಡೆಯಲಾರದೆ ಅಕ್ಕ ಹೊರಗೆ ಹೋದಳು. ತಿಂಗಳುಗಟ್ಟಲೆ ಮಗುವಿನ ಬಾಯಿಂದ ಬರುತ್ತಿದ್ದದ್ದು ಅದೇ ವಾಸನೆ. ಹಲ್ಲು ಸರಿಯಾಗಿ ಉಜ್ಜಲ್ಲ ಅಂತ ಬೈಯುತ್ತಿದ್ದೆವು.

ಕೂದಲು ಜೀರ್ಣವಾಗುವುದಿಲ್ಲ. ನುಣುಪಾಗಿರುವುದರಿಂದ ಮುಂದಕ್ಕೂ ಸಾಗದೆ ಜಠರದ ಮಡಿಕೆಗಳಲ್ಲಿ ಸಿಕ್ಕಿಕೊಂಡು, ಅನ್ನ, ಲೋಳೆ ಎಲ್ಲ ಸೇರಿ ಉಂಡೆಕಟ್ಟುತ್ತದೆ. ಸಾರಿನಲ್ಲಿ ಸಿಕ್ಕ ಒಂದು ಕೂದಲಿಗೆ ಹೆದರಬೇಡಿ, ಇದು ತಿಂಗಳು, ವರ್ಷಗಟ್ಟಲೆ ನುಂಗಿದ್ದರ ಕತೆ. ಈ ಕೂದಲುಂಡೆಗೆ ಡಾಕ್ಟರುಗಳು ಟ್ರೈಕೋಬೆಜೋರ್ ಅನ್ನುತ್ತಾರೆ. ಉಂಡೆಯ ಬಾಲ ಸಣ್ಣ ಕರುಳಿಗೂ ಇಳಿದರೆ ಅದಕ್ಕೆ 1968ರಲ್ಲಿ ಕೊಟ್ಟ ಹೆಸರು ರಪಂಜೆಲ್ ಸಿಂಡ್ರೋಮ್. ಕತೆಯ ಉದ್ದ ಜಡೆಯ ಹುಡುಗಿಯ ಹೆಸರು ಅದು, ಮುದ್ದಾಗಿದೆ. ಆದರೆ ಕರುಳು ಕಟ್ಟಿಕೊಳ್ಳಬಹುದು, ಹುಣ್ಣಾಗಿ ರಕ್ತ ಹೋಗಬಹುದು, ತೂತೇ ಬೀಳಬಹುದು. ಉಂಡೆ ದೊಡ್ಡದಾದರೆ ಎಂಡೋಸ್ಕೋಪಿಯಲ್ಲಿ ಬರುವುದು ಕಷ್ಟ, ಹೊಟ್ಟೆ ಕುಯ್ಯಲೇಬೇಕಾಗುತ್ತದೆ.

ಆಪರೇಷನ್ನಿಗೆ ಮುಗಿಯುವುದೂ ಇಲ್ಲ. ತಲೆ ಬೋಳಿಸಿಬಿಡಿ ಅಂದ ನೆಂಟರಿದ್ದಾರೆ. ಕೆಲವು ಮಕ್ಕಳು ಗೊಂಬೆಯ ಕೂದಲನ್ನೂ, ಕಂಬಳಿಯ ಎಳೆಯನ್ನೂ ಬಿಡುವುದಿಲ್ಲವಂತೆ, ಬೋಳಿಸಿ ಏನು ಮಾಡುವುದು? ಮನೋವೈದ್ಯರ ಹತ್ತಿರ ಹೋದರೆ ಹುಚ್ಚಿ ಅನ್ನುತ್ತಾರೆ ಅಂತ ಅಕ್ಕ ಎರಡು ತಿಂಗಳು ತಳ್ಳಿದಳು. ಈಗ ವಾರಕ್ಕೊಮ್ಮೆ ಹೋಗುತ್ತಿದ್ದಾರೆ. ರಕ್ತ ಕಡಿಮೆ ಇತ್ತು, ಅದಕ್ಕೆ ಐರನ್ ಮಾತ್ರೆಯೂ ನಡೆದಿದೆ. ಟಿವಿ ಮುಂದೆ ಕೂತಾಗ ಕೈಗೆ ಬಟಾಣಿ ಕೊಟ್ಟು ಸುಲಿಸುತ್ತೇವೆ. ಕಿವಿಯ ಹಿಂದೆ ಸಣ್ಣ ಸಣ್ಣ ಕೂದಲು ಬರುತ್ತಿದೆ.

– ಮಗುವಿನ ಚಿಕ್ಕಮ್ಮ, ಹಾಸನ