ಬೈಲಕುಪ್ಪೆಯದು ಚೀನಾ ದೇವಸ್ಥಾನ ಅಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಹೋಂಸ್ಟೇಗೆ ಬಂದವರು ಕುಶಾಲನಗರ ದಾಟಿ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ ಬಂದು, 'ಚೀನಾ ದೇವಸ್ಥಾನ ತುಂಬಾ ಚೆನ್ನಾಗಿದೆ ಅಕ್ಕಾ' ಎಂದರು. ಹೀಗೆ ಹೇಳುವವರು ಒಬ್ಬಿಬ್ಬರಲ್ಲ. ಅದು ಟಿಬೆಟನ್ನರ ನಾಮ್‌ಡ್ರೋಲಿಂಗ್ ಮಠ. ಚೀನಾ ಟಿಬೆಟನ್ನು ಹಿಡಿದ ಮೇಲೆ ನಾಡು ಬಿಟ್ಟು ಬಂದವರು 1963ರಲ್ಲಿ ಶುರು ಮಾಡಿದ್ದು. ಅವರ ಎದುರೇ ಅದನ್ನು ಚೀನಾದ್ದು ಅಂದರೆ ಎಷ್ಟು ನೋವಾಗಬೇಡ?

ಮಾಡು (ಛಾವಣಿ) ನೋಡಿದರೇ ವ್ಯತ್ಯಾಸ ತಿಳಿಯುತ್ತದೆ. ಟಿಬೆಟನ್ ಮಠಗಳ ಮೇಲೆ ಧರ್ಮಚಕ್ರ, ಅದರ ಎರಡು ಬದಿ ಜಿಂಕೆ. ಸಾರನಾಥದ ಜಿಂಕೆವನದಲ್ಲಿ ಬುದ್ಧ ಮಾಡಿದ ಮೊದಲ ಉಪದೇಶದ ನೆನಪು ಅದು. ಚೀನಾದ ಹಳೇ ದೇವಸ್ಥಾನಗಳಲ್ಲಾದರೆ ಮಾಡಿನ ನೆತ್ತಿಯ ಎರಡೂ ತುದಿಯಲ್ಲಿ ಡ್ರ್ಯಾಗನ್ ಜಾತಿಯ ಪ್ರಾಣಿಯೊಂದು ಬಾಯಿ ಅಗಲಿಸಿ ಆ ನೆತ್ತಿಯನ್ನೇ ನುಂಗುವ ಹಾಗೆ ಕೂತಿರುತ್ತದೆ. ಅದು ಬೆಂಕಿ ತಡೆಯುತ್ತದೆ ಎಂಬ ನಂಬಿಕೆ. ಕಟ್ಟಡವೆಲ್ಲ ಮರದ್ದು, ಭಯ ಇದ್ದೇ ಇರುತ್ತದೆ ಅಲ್ವಾ?

ಮಗಳ ಜೊತೆ ಬೀಜಿಂಗ್‌ಗೆ ಹೋದಾಗ ಅಲ್ಲಿನ ಟೆಂಪಲ್ ಆಫ್ ಹೆವನ್ ನೋಡಿದ್ದೆ. 1420ರಲ್ಲಿ ಕಟ್ಟಿ ಮುಗಿಸಿದ್ದು. ಒಳ್ಳೆಯ ಬೆಳೆಗಾಗಿ ಚಕ್ರವರ್ತಿ ಪ್ರಾರ್ಥಿಸುತ್ತಿದ್ದ ದುಂಡನೆಯ ಮಂದಿರದ ಬಾಗಿಲ ಹೊರಗೆ ನಿಂತು ಇಣುಕಿದೆ. ನಡುವೆ ಕೆಂಪು ಬಣ್ಣದ ಮೇಲೆ ಚಿನ್ನದ ಬಳ್ಳಿ ಸುತ್ತಿದ ನಾಲ್ಕು ದಪ್ಪ ಕಂಬ, ಅವು ನಾಲ್ಕು ಋತು. ಅದರ ಸುತ್ತ 12 ಕಂಬ, ಅವು ತಿಂಗಳು. ಆಮೇಲೆ ಹೊರಗಿನ 12, ಎರಡೆರಡು ಗಂಟೆಗೆ ಒಂದರಂತೆ ಇಡೀ ದಿನ. ಮೇಲೆ ಆಕಾಶದ ಬಣ್ಣದ ನೀಲಿ ಹೆಂಚು. ರೈತನ ಪಂಚಾಂಗವನ್ನೇ ಮರದಲ್ಲಿ ಕಟ್ಟಿ ನಿಲ್ಲಿಸಿದ್ದಾರೆ! 1889ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು, ಮತ್ತೆ ಅದೇ ರೂಪದಲ್ಲಿ ಕಟ್ಟಿದರು. ಹುತ್ತರಿಗೆ ಕದಿರು ತೆಗೆದು 'ಪೊಲಿ ಪೊಲಿ ದೇವಾ' ಎನ್ನುವ ನನಗೆ ಆ ಬಾಗಿಲು ಬಿಟ್ಟು ಬರಲು ಮನಸ್ಸೇ ಆಗಲಿಲ್ಲ. ಅಲ್ಲಿ ಬಿತ್ತುವ ಮೊದಲಿನ ಬೇಡಿಕೆ, ಇಲ್ಲಿ ಬೆಳೆ ಕೈಗೆ ಬಂದ ಸಂತೋಷ.

ಟಿಬೆಟನ್ ಮಠ, ಚೀನಾ ದೇವಸ್ಥಾನ ಎರಡೂ ದೊಡ್ಡವೇ. ಆದರೆ ಒಂದನ್ನು ಇನ್ನೊಂದರ ಹೆಸರಲ್ಲಿ ಕರೆದರೆ ಎರಡೂ ನಮಗೆ ಕಾಣುವುದಿಲ್ಲ, ಸುಮ್ನೆ ಫೋಟೊ ತೆಗೆದು ವಾಪಸ್ ಬರುತ್ತೇವೆ ಅಷ್ಟೇ. ನಿಮ್ಮ ಪ್ರವಾಸ ಪುಟದಲ್ಲಿ ಊಟ, ರೂಮಿನ ವಿಷಯವೇ ಜಾಸ್ತಿ. ಮುಂದಿನ ಸಲ ಬೈಲಕುಪ್ಪೆ ಬಗ್ಗೆ ಬರೆಯುವಾಗ ಆ ಜಿಂಕೆಗಳ ಚಿತ್ರ ಹಾಕಿ, ಪಕ್ಕದಲ್ಲೇ ಚೀನಾದ ಮಾಡಿನ ಚಿತ್ರವನ್ನೂ ಹಾಕಿ. ಕೊಡಗಿನಲ್ಲಿ ಹೋಂಸ್ಟೇ ನಡೆಸುವವರಿಗೂ ಜೀಪ್ ಓಡಿಸುವವರಿಗೂ ನನ್ನದೊಂದು ಕೋರಿಕೆ. ದಾರಿ ಹೇಳುವಾಗ 'ಟಿಬೆಟನ್ ಮಠ' ಎಂದೇ ಹೇಳಿ.

— ಓದುಗಿತ್ತಿ, ಮಡಿಕೇರಿ