ಶನಿವಾರ ಮಧ್ಯಾಹ್ನ ವ್ಯಾಪಾರ ಬಂದ್, ಕೂಟ ಚಾಲೂ

ಪ್ರೀತಿಯ ಗ್ರಾಹಕರಿಗೆ ನಮ್ಮ ಹೊಲಿಗೆ ಸಂಘದ ಎಲ್ಲರ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಬರುವ ತಿಂಗಳಿನಿಂದ ಪ್ರತಿ ಶನಿವಾರ ಮಧ್ಯಾಹ್ನ 3ರಿಂದ ಸಂಜೆ 6ರವರೆಗೆ ನಮ್ಮ ಧಾರವಾಡದ ಅಂಗಡಿಯಲ್ಲಿ ವ್ಯಾಪಾರ ಇರುವುದಿಲ್ಲ. ಆ ಹೊತ್ತಿನಲ್ಲಿ ಆರ್ಡರ್ ತೆಗೆದುಕೊಳ್ಳುವುದಿಲ್ಲ, ತಯಾರಾದ ಸಾಮಾನು ಕೊಡುವುದಿಲ್ಲ, ಫೋನೂ ಎತ್ತುವುದಿಲ್ಲ. ಆದರೆ ಬಾಗಿಲು ತೆರೆದೇ ಇರುತ್ತದೆ. ಆ ಮೂರು ಗಂಟೆ ಪೂರ್ತಿ ಹೊಲಿಗೆ ಕೂಟಕ್ಕೆ, ಕೂಟಕ್ಕೆ ಮಾತ್ರ. ಇದರಿಂದಾಗಿ ನಿಮ್ಮ ಸಾಮಾನು ಕೈಗೆ ಸಿಗಲು ಮೊದಲಿಗಿಂತ ಜಾಸ್ತಿ ದಿನ ಹಿಡಿಯುತ್ತದೆ, ಮಜೂರಿಯೂ ಸ್ವಲ್ಪ ಏರುತ್ತದೆ. ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಅದಕ್ಕೇ ಈ ಪತ್ರ.

ಫೋಟೋ ನೋಡಿ ಫೋನಿನಲ್ಲೇ ಆರ್ಡರ್ ಕೊಟ್ಟವರಿಗೆ ನಾವು ಒಂದು ಅಂಗಡಿ ಅಷ್ಟೆ. ಆದರೆ ಅಂಗಡಿಗಿಂತ ಕೂಟವೇ ಹಳೆಯದು. ಮಧ್ಯಾಹ್ನ ಊಟ ಮುಗಿಸಿ, ಭಾಂಡೆ ತೊಳೆದಿಟ್ಟು, ಓಣಿಯ ಹೆಣ್ಣುಮಕ್ಕಳು ಒಬ್ಬರ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ಒಬ್ಬರ ಕೈಯಲ್ಲಿ ಅರ್ಧ ಆದ ಸ್ವೆಟರ್, ಇನ್ನೊಬ್ಬರದು ಕ್ರೋಶಾ ಕಡ್ಡಿ, ಮತ್ತೊಬ್ಬರು ಹಳೇ ಸೀರೆ ಹರವಿಕೊಂಡು ಕೌದಿಗೆ, ಅಂದರೆ ಹಳೇ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹೊದಿಕೆಗೆ ಕುಳಿತವರು. ನೋಡಿದ ಯಾರೋ "ನಮಗೂ ಇಂಥಾದ್ದೊಂದು ಹಾಕಿ ಕೊಡ್ರೆಲಾ" ಅಂದರು. ಹಾಗೆ ಶುರುವಾದದ್ದು ವ್ಯಾಪಾರ. ಸಂಘ ಆಯಿತು, ಬ್ಯಾಂಕಿನಲ್ಲಿ ಖಾತೆ ಆಯಿತು, ಬಾಡಿಗೆಗೆ ಕೋಣೆ ಆಯಿತು. ಕೂಟ ಶನಿವಾರಕ್ಕೆ ಬಂದು ನಿಂತಿತು.

ಆಮೇಲೆ ನಿಮ್ಮ ಪ್ರೀತಿ ಹೆಚ್ಚಾಯಿತು. ಬೆಂಗಳೂರು, ಪುಣೆಯಿಂದ ಆರ್ಡರ್ ಬಂದವು. ಹೊರದೇಶದಲ್ಲಿರುವ ನಮ್ಮ ಕಡೆಯವರು ಊರಿಗೆ ಬಂದಾಗ ತೀರಿಹೋದ ಅಜ್ಜಿಯ ಸೀರೆಗಳನ್ನು ಗಂಟು ಕಟ್ಟಿ ತಂದು, ಇವನ್ನೆಲ್ಲ ಸೇರಿಸಿ ಒಂದು ಕೌದಿ ಮಾಡಿಕೊಡಿ, ನಾವು ವಾಪಸು ಹೋಗೋದರೊಳಗೆ ಬೇಕು ಅಂತ ಕೇಳತೊಡಗಿದರು. ಇದು ನಮಗೆ ತುಂಬಾ ಸಂತೋಷದ ಮಾತು. ಈ ದುಡಿಮೆಯಿಂದ ನಮ್ಮಲ್ಲಿ ಮಕ್ಕಳ ಫೀ ಕಟ್ಟಿದವರಿದ್ದಾರೆ, ಸ್ವಂತ ಹೊಲಿಗೆ ಯಂತ್ರ ಕೊಂಡವರಿದ್ದಾರೆ. ಆದರೆ ತಾರೀಖು ಹತ್ತಿರ ಬಂದ ಹಾಗೆಲ್ಲ ಶನಿವಾರವೂ ಆರ್ಡರ್ ಕೆಲಸಕ್ಕೇ ಹೋಗತೊಡಗಿತು. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಕೆಲಸ ಮುಗಿಸುವ ಅವಸರದಲ್ಲಿ. ಹೊಸದಾಗಿ ಕಲಿಯಲು ಬಂದ ಹುಡುಗಿ ಬಾಗಿಲ ಹತ್ತಿರ ಸುಮ್ನೆ ಕೂತು ಎದ್ದು ಹೋದರೆ ಯಾರಿಗೂ ಗೊತ್ತಾಗದ ಸ್ಥಿತಿ. ಹೀಗೇ ನಡೆದರೆ ಇನ್ನು ಕೆಲವು ವರ್ಷಕ್ಕೆ ಆರ್ಡರ್ ಇರುತ್ತವೆ, ಮಾಡುವ ಕೈ ಇರುವುದಿಲ್ಲ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಅನಿಸಬಹುದು. ಕಲಿಸೋದಕ್ಕೆ ಒಂದು ಕ್ಲಾಸ್ ಇಟ್ಟರೆ ಆಯಿತಲ್ಲ ಅಂತ ಒಬ್ಬ ಗ್ರಾಹಕರು ಕೇಳಿದ್ದರು. ನಾವು ಸೀರೆಗೆ ಹಾಕುವ ನಮ್ಮ ಕಡೆಯ ಕೈಹೊಲಿಗೆಯಾದ ಕಸೂತಿಯ ವಿಷಯದಲ್ಲಿ ಅದು ಯಾಕೆ ಸಾಲದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಹೋಗಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಅದರಲ್ಲಿ ಗವಂತಿ ಮತ್ತು ಮುರ್ಗಿ ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಗವಂತಿ ಹಾಕುವಾಗ ಸೂಜಿ ಒಂದೊಂದು ಹೊಲಿಗೆ ಬಿಟ್ಟು ಮುಂದೆ ಹೋಗುತ್ತದೆ, ಮರಳಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಹೊಲದ ಬದುವಿನ ಮೇಲೆ ಹೋಗುವಾಗ ಮೂಡಿದ ಹೆಜ್ಜೆಗಳ ನಡುವೆಯೇ ಹೆಜ್ಜೆ ಇಟ್ಟು ಮನೆಗೆ ಬಂದ ಹಾಗೆ. ಈಗ ಒಂದು ಗೋಪುರವನ್ನೋ ತೇರನ್ನೋ ಆನೆ ಅಂಬಾರಿಯನ್ನೋ ನೆನೆಸಿಕೊಳ್ಳಿ, ಅದರಲ್ಲಿ ಎಷ್ಟು ಕವಲು, ಎಷ್ಟು ತಿರುವು, ಯಾವ ಕವಲಿಗೆ ಮೊದಲು ಹೋಗಿ ಯಾವುದನ್ನು ಮರಳಿ ಬರುವಾಗ ಮುಗಿಸಬೇಕು ಅನ್ನುವ ದಾರಿ ಮೊದಲ ಹೊಲಿಗೆಗೂ ಮುಂಚೆ ತಲೆಯಲ್ಲಿ ಇರಬೇಕು. ಒಂದು ಎಳೆ ಎಣಿಕೆ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಬಿಚ್ಚಬೇಕು.

ಪುಸ್ತಕದಲ್ಲಿ ಗೋಪುರದ ಚಿತ್ರ ಸಿಗುತ್ತದೆ, ಗ್ರಾಫ್ ಹಾಳೆ ಸಿಗುತ್ತದೆ. ಸೂಜಿ ಹೋಗುವ ದಾರಿ ಸಿಗುವುದು ಪಕ್ಕದಲ್ಲಿ ಕೂತವರ ಕೈ ನೋಡಿದಾಗಲೇ. ಅದನ್ನೂ ಅವರು ಮಾತಾಡುತ್ತಾ ಮಾತಾಡುತ್ತಾ ಮಾಡುವಾಗ ನೋಡಬೇಕು, ಯಾಕೆಂದರೆ ಕಲಿಸುತ್ತೇನೆ ಅಂತ ಕೂತ ಕೂಡಲೇ ನಮ್ಮ ಹಿರಿಯರಿಗೆ ಹೇಳುವುದಕ್ಕೆ ಮಾತೇ ಬರುವುದಿಲ್ಲ. ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಕಸೂತಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ, ಹೆಸರಿಗೆ ರಕ್ಷಣೆ ಇದೆ. ಕೈಗೆ ರಕ್ಷಣೆ ಬೇಕೆಂದರೆ ಈ ಥರ ಅವಸರವಿಲ್ಲದೆ ಕೂರುವ ಹೊತ್ತು ಬೇಕು ಅಂತ ನಾವು ಗಟ್ಟಿಯಾಗಿ ನಂಬಿದ್ದೇವೆ.

ಇಲ್ಲೇ ಒಂದು ಮಾತು. ಕಸೂತಿ ಸೀರೆ ಎಲ್ಲೇ ಕೊಳ್ಳಿ, ನಮ್ಮಲ್ಲೇ ಕೊಳ್ಳಬೇಕು ಅಂತಲ್ಲ, ಸೆರಗು ತಿರುಗಿಸಿ ಹಿಂಬದಿ ನೋಡಿ. ಯಂತ್ರದಲ್ಲಿ ಹಾಕಿದ್ದು ಹಿಂದಿನಿಂದ ಬೇರೆಯೇ ಕಾಣುತ್ತದೆ. ಕೈಯದು ಅಂತ ಹೇಳಿ ಯಂತ್ರದ್ದನ್ನು ಮಾರಿದರೆ ಕೈಯವರ ಹೊಟ್ಟೆಗೆ ಪೆಟ್ಟು.

ಕೌದಿಯದು ಇನ್ನೊಂದು ಬಗೆ. ಅದು ಒಬ್ಬರೇ ಮಾಡುವ ಕೆಲಸವಲ್ಲ. ಮಾಡಬಹುದು, ಆದರೆ ಮಾಡಬಾರದು ಅಂತ ನಮ್ಮ ಅಭಿಪ್ರಾಯ. ಕೆಳಗೆ ಒಂದು ಗಟ್ಟಿ ಹತ್ತಿ ಸೀರೆ ಹಾಸಿ, ನಡುವೆ ಹಳೇ ಧೋತರ, ಸವೆದ ಸೀರೆಗಳ ಪದರ ಇಟ್ಟು, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಶುರುಮಾಡಿ ಒಳಗೆ ಒಳಗೆ ಹೊಲಿಯುತ್ತಾ ಬರುತ್ತಾರೆ. ನಾಲ್ಕು ದಿಕ್ಕಿಗೆ ನಾಲ್ಕು ಜನ ಕೂತರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ, ಮಾತೂ ಸಾಗುತ್ತದೆ. ಒಬ್ಬೊಬ್ಬರ ಹೊಲಿಗೆ ಒಂದೊಂದು ಥರ. ಒಬ್ಬರದು ಸಣ್ಣ, ಒಬ್ಬರದು ಉದ್ದ. ನಿಮ್ಮ ಮನೆಯ ಕೌದಿಯನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲಿ ಕೈ ಬದಲಾಯಿತು ಅಂತ ಕಾಣುತ್ತದೆ. ಹೊಲಿಗೆ ಒಂದೇ ಸಮ ಇಲ್ಲ ಅಂತ ಕೆಲವರು ಕೇಳುತ್ತಾರೆ. ಇರುವುದಿಲ್ಲ, ಇರಬಾರದು ಕೂಡ.

ಕೊನೆಗೆ ನಡುವೆ ಒಂದು ಸಣ್ಣ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಮುಚ್ಚುವ ಮುಂಚೆ ನಮ್ಮ ಅಜ್ಜಿಯರು ಅಲ್ಲಿ ಒಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳು ಅಕ್ಕಿಯನ್ನೋ ಇಡುತ್ತಾರೆ. "ಹಸದ ಹೊಟ್ಟೀಲೆ ಯಾರನ್ನೂ ಕಳಸಬಾರದವಾ" ಅನ್ನುತ್ತಾರೆ. ಆರ್ಡರ್ ಕೌದಿಗೂ ಇದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಕೊಟ್ಟು ಕಳಿಸಿದ ಕೌದಿಯ ಒಳಗೆ ಏನೋ ಗಟ್ಟಿಯಾಗಿ ಕೈಗೆ ಸಿಗುತ್ತದೆ ಅಂತ ಫೋನ್ ಮಾಡಿದವರಿಗೆ ಇದೇ ಉತ್ತರ. ಅದನ್ನು ಬಿಚ್ಚಬೇಡಿ.

ಸಿದ್ದಿ ಕೌದಿ ಮಾಡಿಕೊಡುತ್ತೀರಾ ಅಂತಲೂ ಕೇಳುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯ ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂ ಸೇರಿಸುತ್ತಾರೆ. ಆ ಹೂ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ತುಂಬಾ ಚಂದದ ಕೆಲಸ ಅದು. ಆದರೆ ಅದು ಅವರದು, ಅವರಿಂದಲೇ ಕೊಳ್ಳಿ. ನಾವು ಅದರ ನಕಲು ಮಾಡುವುದಿಲ್ಲ.

ಹೆಣಿಗೆಯ ಸಾಮಾನಿಗೆ ಅಂದರೆ ಕೂಸಿನ ಸ್ವೆಟರ್, ಕುಲಾವಿ, ಕಾಲ್ಚೀಲಕ್ಕೆ ಅಂಥ ದೊಡ್ಡ ಬದಲಾವಣೆ ಇಲ್ಲ. ಎರಡು ಸೀದಾ ಎರಡು ಉಲ್ಟಾ ಹಾಕಿಕೊಂಡು ಬಸ್ಸಿನಲ್ಲೂ ಹೆಣೆಯಬಹುದು. ಒಂದು ವಾರ ತಡವಾಗಬಹುದು ಅಷ್ಟೆ.

ಈಗ ಅವಧಿಯ ಮಾತು. ದೊಡ್ಡ ಕೌದಿಗೆ ಇಲ್ಲಿಯವರೆಗೆ ಒಂದು ತಿಂಗಳು ಹೇಳುತ್ತಿದ್ದೆವು, ಇನ್ನು ಮುಂದೆ ಎರಡು ತಿಂಗಳು. ಸೆರಗು ಮತ್ತು ಅಂಚಿಗೆ ಕಸೂತಿ ಬೇಕೆಂದರೆ ಕಡಿಮೆ ಅಂದರೂ ಮೂರು ತಿಂಗಳು, ಒತ್ತಾದ ಕೆಲಸ ಇದ್ದರೆ ಅದಕ್ಕಿಂತ ಜಾಸ್ತಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊಸ ಕೌದಿಯ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಹೊಲಿದ ಕೌದಿಯನ್ನು ಒಮ್ಮೆ ಒಗೆದು ಬಿಸಿಲಿಗೆ ಒಣಗಿಸಿಯೇ ಕೊಡಬೇಕು, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅಷ್ಟು ದಪ್ಪದ ಬಟ್ಟೆ ಒಳಗಿನವರೆಗೆ ಒಣಗುವುದಿಲ್ಲ, ವಾಸನೆ ಹಿಡಿಯುತ್ತದೆ. ನವರಾತ್ರಿಗೆ ಮುಂಚೆ ಮನೆ ಹಾಸಿಗೆಯೆಲ್ಲ ಒಗೆಯುವಾಗ ಬಹಳ ಮಂದಿಗೆ ಹೊಸ ಕೌದಿ ನೆನಪಾಗುತ್ತದೆ. ಅಂಥವರು ಬೇಸಿಗೆಯಲ್ಲೇ ಹೇಳಿಡಿ. ತೊಟ್ಟಿಲ ಕಾರ್ಯಕ್ಕೆ ಸಣ್ಣ ಕೌದಿ ಬೇಕಾದವರು ಕುಬಸದ (ಸೀಮಂತದ) ಹೊತ್ತಿಗೇ ತಿಳಿಸಿದರೆ ಅವಸರ ಆಗುವುದಿಲ್ಲ. ಇದೊಂದಕ್ಕೆ ಮಳೆಗಾಲದ ನಿಯಮ ಇಲ್ಲ, ಕೂಸು ತಿಂಗಳು ನೋಡಿಕೊಂಡು ಬರುವುದಿಲ್ಲ ಅಲ್ವಾ? ಸಣ್ಣದಾದ್ದರಿಂದ ಮನೆಯೊಳಗೆ ಫ್ಯಾನಿನ ಕೆಳಗೂ ಒಣಗುತ್ತದೆ.

ಮಜೂರಿ ನೂರಕ್ಕೆ ಹತ್ತರಷ್ಟು ಏರುತ್ತದೆ. ನಮ್ಮಲ್ಲಿ ಮಾಡಿದಷ್ಟು ಕೆಲಸಕ್ಕೆ ದುಡ್ಡು. ಶನಿವಾರ ಮೂರು ಗಂಟೆ ಆರ್ಡರ್ ಕೆಲಸ ಬಿಟ್ಟರೆ ಅಷ್ಟು ಗಳಿಕೆ ಹೋಗುತ್ತದೆ. ಹಿರಿಯರು ಕಲಿಸುವುದಕ್ಕೆ ಕೂತರೆ ಅವರ ಹೊತ್ತಿಗೂ ಬೆಲೆ ಇದೆ. ಈ ಹತ್ತರಷ್ಟು ಹಣ ಪೂರ್ತಿ ಅವರಿಗೇ ಹೋಗುತ್ತದೆ, ಕೋಣೆ ಬಾಡಿಗೆಗಾಗಲಿ ಬೇರೆ ಖರ್ಚಿಗಾಗಲಿ ಹೋಗುವುದಿಲ್ಲ ಅಂತ ಸಂಘದ ಸಭೆಯಲ್ಲಿ ಎಲ್ಲರೂ ಸೇರಿ ಗೊತ್ತುಮಾಡಿದ್ದೇವೆ. ಲೆಕ್ಕದ ವಹಿ ಅಂಗಡಿಯಲ್ಲೇ ಇರುತ್ತದೆ, ಯಾವ ಗ್ರಾಹಕರು ಬೇಕಾದರೂ ತೆರೆದು ನೋಡಬಹುದು.

ಕೌದಿಗೆ ಬಟ್ಟೆ ತರುವವರಿಗೆ: ಹತ್ತಿ ಸೀರೆ, ಧೋತರ, ಹಳೇ ದುಪ್ಪಟಿ ತನ್ನಿ. ಒಗೆದು ತನ್ನಿ. ಪಾಲಿಯೆಸ್ಟರ್ ಸೀರೆ ಬೇಡ, ಜಾರುತ್ತದೆ, ಪದರ ಒಂದರ ಮೇಲೊಂದು ನಿಲ್ಲುವುದಿಲ್ಲ. ಜರಿ ಅಂಚು ಮೈಗೆ ಚುಚ್ಚುತ್ತದೆ, ಅದನ್ನು ನಾವೇ ಕತ್ತರಿಸಿ ನಿಮಗೆ ವಾಪಸು ಕೊಡುತ್ತೇವೆ. ಹಳೇ ಖಣದ ಕುಪ್ಪಸ ಇದ್ದರೆ ಎಸೆಯಬೇಡಿ. ಗುಳೇದಗುಡ್ಡದ ಖಣದ ಒಂದೊಂದು ತುಂಡು ಮೇಲಿನ ಪದರಕ್ಕೆ ಸೇರಿದರೆ ಕೌದಿಗೆ ಬೇರೆಯೇ ಕಳೆ ಬರುತ್ತದೆ.

ಇನ್ನು ಕೂಟದ ಬಗ್ಗೆ. ನಮಗೆ ನಿಜವಾಗಿ ಬರೆಯಬೇಕಿದ್ದದ್ದು ಇದು. ನೀವು ಬರಬೇಕು. ಗ್ರಾಹಕರಾಗಿ ಅಲ್ಲ, ನಮ್ಮ ಪಕ್ಕದಲ್ಲಿ ಕೂರುವುದಕ್ಕೆ. ಫೀ ಇಲ್ಲ, ಹೆಸರು ಬರೆಸುವುದಿಲ್ಲ. ಮನೆಯಲ್ಲಿ ವರ್ಷಗಟ್ಟಲೆ ಚೀಲದಲ್ಲಿ ಬಿದ್ದಿರುವ ಅರ್ಧ ಹೆಣೆದ ಸ್ವೆಟರ್ ಇದೆಯಾ, ತನ್ನಿ. ತೋಳು ಎಲ್ಲಿ ತಪ್ಪಿದೆ ಅಂತ ಯಾರಾದರೂ ನೋಡಿ ಹೇಳುತ್ತಾರೆ. ಮಗನ ಅಂಗಿಗೆ ಗುಂಡಿ ಹಚ್ಚಬೇಕಾ, ಅದನ್ನೂ ತನ್ನಿ. ಏನೂ ಬರುವುದಿಲ್ಲ ಅಂದರೆ ಬರೀ ಕೈಯಲ್ಲಿ ಬನ್ನಿ, ಸೂಜಿ ದಾರ ನಮ್ಮಲ್ಲಿದೆ. ಕಸೂತಿ ಕಲಿಯುವವರು ಮಾತ್ರ ಎಳೆ ಎಣಿಸಲು ಬರುವಂಥ ಮ್ಯಾಟಿ ಬಟ್ಟೆಯ ಒಂದು ತುಂಡು ತಂದರೆ ಒಳ್ಳೆಯದು. ಮೊದಲ ದಿನವೇ ರೇಷ್ಮೆ ಸೀರೆ ತರಬೇಡಿ. ಗಂಡಸರೂ ಬರಬಹುದು. ಶಾಲೆ ಮಕ್ಕಳಂತೂ ಬರಲೇಬೇಕು, ಅವರ ಕಣ್ಣು ಚುರುಕು, ಅಜ್ಜಿಯರ ಸೂಜಿಗೆ ದಾರ ಪೋಣಿಸಲು ಅವರೇ ಬೇಕು.

ಕೂಟದಲ್ಲಿ ಮಾತಿಗೆ ನಿಯಮ ಇಲ್ಲ. ಸೊಸೆ, ಅತ್ತೆ, ಸಕ್ಕರೆ ಕಾಯಿಲೆ, ಮಳೆ, ಮದುವೆ, ಎಲ್ಲ ಬರುತ್ತವೆ. ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನು ಇಲ್ಲಿ ಸೂಜಿ ನೋಡುತ್ತಾ ಹೇಳಿಕೊಂಡು ಹಗುರಾದವರಿದ್ದಾರೆ. ಅದಕ್ಕೇ ಎರಡು ವಿನಂತಿ. ಅಲ್ಲಿ ಕೇಳಿದ ಮಾತು ಅಲ್ಲಿಯೇ ಇರಲಿ. ಮತ್ತು ಕೇಳದೆ ಯಾರ ಫೋಟೋನೂ ತೆಗೆಯಬೇಡಿ, ಕೆಲಸದ್ದು ತೆಗೆಯಿರಿ, ಮುಖದ್ದು ಬೇಡ. ಐದು ಗಂಟೆಗೆ ಚಹಾ ಇರುತ್ತದೆ, ಗಿರಮಿಟ್ ಇರುತ್ತದೆ, ಮಿರ್ಚಿ ಯಾರಾದರೂ ತಂದರೆ ಇರುತ್ತದೆ. ತಿಂದ ಕೈ ತೊಳೆದು ಬಟ್ಟೆ ಮುಟ್ಟಿ, ಎಣ್ಣೆ ಕಲೆ ಹೋಗಿಸುವುದು ಕಷ್ಟ.

ಈಗಾಗಲೇ ಆರ್ಡರ್ ಕೊಟ್ಟವರು ಚಿಂತೆ ಮಾಡಬೇಡಿ. ನಿಮ್ಮದು ಹಳೇ ತಾರೀಖಿಗೇ, ಹಳೇ ಮಜೂರಿಗೇ ಸಿಗುತ್ತದೆ. ಆದರೂ ಮುಂಗಡ ವಾಪಸು ಬೇಕೆಂದರೆ ಈ ತಿಂಗಳ ಕೊನೆಯೊಳಗೆ ರಸೀದಿ ತೋರಿಸಿ ಪೂರ್ತಿ ಹಣ ಒಯ್ಯಬಹುದು, ಬೇಸರ ಮಾಡಿಕೊಳ್ಳುವುದಿಲ್ಲ. ಶನಿವಾರ ಸಾಮಾನು ಒಯ್ಯಲು ಬರುವವರು ಮಧ್ಯಾಹ್ನ 2ರೊಳಗೆ ಬನ್ನಿ. ಹುಬ್ಬಳ್ಳಿಯಿಂದ ಬರುವವರು ತಡವಾದರೆ ವಾಪಸು ಹೋಗಬೇಡಿ, ಒಳಗೆ ಬಂದು ಕೂತಿರಿ, ಆರು ಗಂಟೆಗೆ ಸಾಮಾನು ತೆಗೆದುಕೊಡುತ್ತೇವೆ.

ನಿಮ್ಮ ಪ್ರೀತಿಯ,
ಹೊಲಿಗೆ ಸಂಘದ ಹೆಣ್ಣುಮಕ್ಕಳು, ಧಾರವಾಡ