ಗಾಳಿಗೂ ಬಾಡಿಗೆ

ಮಾಟುಂಗ, ಮುಂಬೈ

ಚಿ. ಸೌ. ವಿನುತಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಪುಣೆಯಿಂದ ನೀನು ಕಳಿಸಿದ ಹಪ್ಪಳ, ಚಟ್ನಿಪುಡಿ ಮೊನ್ನೆ ತಲುಪಿತು. ಹಪ್ಪಳ ಒಂದೂ ಮುರಿದಿಲ್ಲ. ಮುರಿಯುವುದಾದರೂ ಹೇಗೆ? ಅಷ್ಟು ದೊಡ್ಡ ರಟ್ಟಿನ ಡಬ್ಬದಲ್ಲಿ ಅರ್ಧಕ್ಕರ್ಧ ಹಳೇ ಪೇಪರ್ ತುರುಕಿದ್ದೀಯಲ್ಲ! ಡಬ್ಬ ಚೆನ್ನಾಗಿದೆ ಅಂತ ದೊಡ್ಡಮ್ಮ ಅದನ್ನು ಉಣ್ಣೆ ಬಟ್ಟೆ ಇಡಲು ಎತ್ತಿಟ್ಟುಕೊಂಡಳು. ನಾನು ಟೇಪು ಹಿಡಿದು ಅಳೆದೆ.

ಹಪ್ಪಳ, ಚಟ್ನಿಪುಡಿಯ ಆರ್ಡರುಗಳನ್ನು ಕಳಿಸಲು ಎಲ್ಲಕ್ಕಿಂತ ಅಗ್ಗದ ಕೊರಿಯರ್ ಯಾವುದು ಅಂತ ಫೋನಿನಲ್ಲಿ ಕೇಳಿದೆಯಲ್ಲ, ಮಸ್ಜಿದ್ ಬಂದರಿನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಮೂವತ್ತು ವರ್ಷ ಬಿಲ್ಟಿ, ಅಂದರೆ ಸರಕಿನ ರಸೀದಿ, ಬರೆದವನು ಹೇಳುತ್ತೇನೆ ಕೇಳು: ಮೊದಲು ಡಬ್ಬ ಬದಲಿಸು, ಕಂಪನಿ ಆಮೇಲೆ.

ನಿನ್ನ ಡಬ್ಬ 30 ಸೆಂಟಿಮೀಟರ್ ಉದ್ದ, 30 ಅಗಲ, 20 ಎತ್ತರ. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ 3.6 ಕಿಲೋ ಬರುತ್ತದೆ, ಇದು ಡಬ್ಬದ ಅಳತೆಯ ತೂಕ. ಸಾಮಾನು ತೂಗಿದರೆ ಒಂದು ಕಿಲೋ ಚಿಲ್ಲರೆ. ಹೆಚ್ಚಿನ ಕೊರಿಯರ್‌ನವರು ಅಳತೆಯ ತೂಕ, ತಕ್ಕಡಿಯ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೇ ಬಿಲ್ಲು ಮಾಡುತ್ತಾರೆ. ಅದೂ ಅರ್ಧರ್ಧ ಕಿಲೋ ಲೆಕ್ಕದಲ್ಲಿ ಮೇಲಕ್ಕೇರಿಸಿ. ಅಂದರೆ ನಿನ್ನ ಒಂದು ಕಿಲೋ ಹಪ್ಪಳಕ್ಕೆ ನಾಲ್ಕು ಕಿಲೋ ಬಾಡಿಗೆ, ಅದರ ಮೇಲೆ ಶೇ. 18 ಜಿಎಸ್‌ಟಿ. ಅಷ್ಟೇ ಸಾಮಾನನ್ನು 25, 20, 12ರ ಡಬ್ಬಕ್ಕೆ ತುಂಬು. 1.2 ಬರುತ್ತದೆ, ಒಂದೂವರೆ ಕಿಲೋದಲ್ಲಿ ಮುಗಿಯುತ್ತದೆ. ಎರಡು ಮೂರು ಸೈಜಿನ ಡಬ್ಬ ಒಟ್ಟಿಗೆ ತೆಗೆದಿಟ್ಟುಕೋ. ಚಟ್ನಿಪುಡಿಗೆ ಡಬ್ಬವೇ ಬೇಡ, ಗಟ್ಟಿ ಕವರ್ ಸಾಕು. ಒಳಗೆ ಇನ್ನೊಂದು ಪ್ಯಾಕೆಟ್ ಇರಲಿ, ಇಂಗಿನ ವಾಸನೆ ಸುಮ್ನೆ ಕೂರುವುದಿಲ್ಲ.

ಇನ್ನು ಕಂಪನಿ. ಶಿಪ್‌ರಾಕೆಟ್, ನಿಂಬಸ್‌ಪೋಸ್ಟ್‌ನಂಥವರಲ್ಲಿ ಖಾತೆ ತೆರೆದರೆ ಒಂದೇ ಕಡೆ ಹಲವು ಕೊರಿಯರ್‌ಗಳ ದರ ಕಾಣುತ್ತದೆ. ಆದರೆ ಪ್ರತಿ ಪಾರ್ಸೆಲ್ಲನ್ನೂ ತಕ್ಕಡಿಯ ಮೇಲಿಟ್ಟು, ಪಕ್ಕದಲ್ಲಿ ಟೇಪು ಹಿಡಿದು ಫೋಟೋ ತೆಗೆದಿಡು. ನಿನ್ನ ಅಣ್ಣ ಟೀ ಶರ್ಟ್ ಮಾರುತ್ತಿದ್ದಾಗ ಅರ್ಧ ಕಿಲೋ ಪಾರ್ಸೆಲ್ಲಿಗೆ ಎರಡು ಕಿಲೋ ಅಂತ ಬಿಲ್ಲು ಬಂತು. ಫೋಟೋ ಇರಲಿಲ್ಲ, ವಾದ ಮಾಡಲು ಬಾಯೂ ಇರಲಿಲ್ಲ.

ಅವನು ಕೈಸುಟ್ಟುಕೊಂಡಿದ್ದು ಕ್ಯಾಶ್ ಆನ್ ಡೆಲಿವರಿಯಲ್ಲೂ ಹೌದು. ಆರ್ಡರ್ ಮಾಡುತ್ತಾರೆ, ಬಾಗಿಲಿಗೆ ಹೋದಾಗ ಬೇಡ ಅನ್ನುತ್ತಾರೆ. ಹೋಗುವ ಖರ್ಚೂ ನಿನ್ನದೇ, ವಾಪಸ್ ಬರುವ ಖರ್ಚೂ ನಿನ್ನದೇ. ಹಪ್ಪಳವಂತೂ ಎರಡು ಸಲ ಪ್ರಯಾಣ ಮಾಡಿದರೆ ಪುಡಿಯಾಗಿಯೇ ಬರುತ್ತದೆ. ಗೊತ್ತಿಲ್ಲದವರಿಂದ ಮೊದಲೇ ಯುಪಿಐ ಮಾಡಿಸಿಕೋ. ಮುಜುಗರ ಬೇಡ.

ಅಂಚೆಯನ್ನು ಮರೆಯಬೇಡ. ಶಿರಸಿ, ಸಿದ್ದಾಪುರದ ಕಡೆ ಹಳ್ಳಿಗಳ ಆರ್ಡರ್ ಬಂದರೆ ಸ್ಪೀಡ್ ಪೋಸ್ಟ್ ದರ ನೋಡದೆ ಕೊರಿಯರ್‌ಗೆ ಕೊಡಬೇಡ. ಕೊರಿಯರ್‌ನವರು ಪೇಟೆಯಲ್ಲೇ ನಿಂತು ಬಂದು ತೆಗೆದುಕೊಂಡು ಹೋಗಿ ಅನ್ನುವ ಊರಿಗೂ ಪೋಸ್ಟ್‌ಮ್ಯಾನ್ ಹೋಗುತ್ತಾನೆ. ಮುಂಬೈಗೆ ಬಂದಾಗ ಸಿಎಸ್‌ಎಂಟಿ ರೈಲು ಸ್ಟೇಷನ್ ಹತ್ತಿರದ ಜಿಪಿಒ, ಅಂದರೆ ಪ್ರಧಾನ ಅಂಚೆ ಕಚೇರಿ, ತೋರಿಸುತ್ತೇನೆ. 1913ರಲ್ಲಿ ಮುಗಿದ ಕಟ್ಟಡ, ಅದರ ಗುಮ್ಮಟ ನಮ್ಮ ವಿಜಯಪುರದ ಗೋಲಗುಮ್ಮಟದ ಮಾದರಿಯದು. ಬಿಲ್ಟಿ ಬರೆದು ಬೇಜಾರಾದಾಗ ನಾನು ಅದನ್ನು ನೋಡಿಕೊಂಡು ಬರುತ್ತಿದ್ದೆ. ಇರಲಿ.

ಮುಂಬೈ ಆರ್ಡರುಗಳನ್ನು ಮಾತ್ರ ಒಂದೊಂದಾಗಿ ಕಳಿಸಬೇಡ. ವಾರವಿಡೀ ಬಂದದ್ದನ್ನು ಹೆಸರು ಬರೆದು ಒಂದೇ ಗಂಟು ಕಟ್ಟಿ, ದಾದರಿಗೆ ಬರುವ ಬಸ್ಸಿನವರ ಪಾರ್ಸೆಲ್ ಆಫೀಸಿನಲ್ಲಿ ಹಾಕು. ರಸೀದಿ ಫೋಟೋ ನನಗೆ ಕಳಿಸು, ನಾನು ಬಿಡಿಸಿಕೊಳ್ಳುತ್ತೇನೆ. ಮಾಟುಂಗ, ಸಾಯನ್‌ನವರು ಮನೆಗೇ ಬಂದು ಒಯ್ಯಲಿ. ಡೊಂಬಿವಲಿಯವರಿಗೆ ನಾನೇ ಲೋಕಲ್‌ನಲ್ಲಿ ಕೊಟ್ಟು ಬರುತ್ತೇನೆ. ರಿಟೈರ್ ಆದವನಿಗೆ ಬೇರೆ ಏನು ಕೆಲಸ, ಅಲ್ವಾ?

ಮುಂದಿನ ಸಲ ನಮಗೂ ಸಣ್ಣ ಡಬ್ಬದಲ್ಲೇ ಕಳಿಸು. ದೊಡ್ಡಮ್ಮ ಮುಖ ಊದಿಸಬಹುದು, ನಾನು ನೋಡಿಕೊಳ್ಳುತ್ತೇನೆ.

ಇತಿ ನಿನ್ನ
ದೊಡ್ಡಪ್ಪ